ಐದು ನಿಮಿಷದ ಪಾಸ್ತಾ

ಅಂಚೆ ಕಚೇರಿಯ ಕೌಂಟರಿನಲ್ಲಿ ಯಾರು ಏನು ಕೇಳಿದರೂ ಅಲ್ಲಿನ ಗುಮಾಸ್ತನದು ಒಂದೇ ಉತ್ತರ: "ಐದು ನಿಮಿಷದ ಕೆಲಸ." ಬಂದವರು ಆಮೇಲೆ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ತೂಕಡಿಸಬೇಕು. ಹೀಗಾಗಿ ಊರಿಗೆಲ್ಲ ಅವನು ಐದ್ನಿಮಿಷ.

ಒಂದು ದಿನ ಬೆಳಿಗ್ಗೆ ಅವನ ಹೆಂಡತಿ ತಿಂಗಳ ತರಬೇತಿಗೆಂದು ಬೇರೆ ಊರಿಗೆ ಹೊರಟಳು. ಅಳಿಯ ಉಪವಾಸ ಬೀಳಬಾರದೆಂದು ಅತ್ತೆ ಹಿಂದಿನ ದಿನವೇ ಸೂಟ್‌ಕೇಸ್ ಸಮೇತ ಬಂದಿಳಿದಿದ್ದರು. ತಿಂಗಳಿಡೀ ಒಬ್ಬನೇ ಕಾಲು ಚಾಚಿ ಟೀವಿ ನೋಡುವ ಕನಸು ಕಂಡಿದ್ದ ಐದ್ನಿಮಿಷನ ಲೆಕ್ಕಾಚಾರ ತಲೆಕೆಳಗಾಗಿತ್ತು.

"ನಿಮಗ್ಯಾಕೆ ತೊಂದರೆ ಅತ್ತೆ? ನನಗೆ ಅಡುಗೆ ಬರುತ್ತೆ."

ಅತ್ತೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಹಾಗಾದ್ರೆ ಸಂಜೆ ಮಾಡಿ ಬಡಿಸಿ. ತಿನ್ನೋ ಹಾಗಿದ್ರೆ ಇವತ್ತು ರಾತ್ರಿ ಬಸ್ಸಿಗೇ ಊರಿಗೆ ಹೊರಡ್ತೀನಿ."

ಅವರು ಮಾತು ಮುಗಿಸುವ ಮೊದಲೇ ಅವನು ಮೊಬೈಲಿನಲ್ಲಿ ಅವರ ಟಿಕೆಟ್ ತೆಗೆದಿದ್ದ. ಅಷ್ಟು ಚುರುಕನ್ನು ಕೌಂಟರಿನಲ್ಲಿ ಯಾರೂ ಕಂಡವರಿಲ್ಲ.

ಸಂಜೆ ತರಕಾರಿ, ಚೀಸ್ ಹಾಕಿದ ಕ್ರೀಮಿ ಪಾಸ್ತಾದ ವಿಡಿಯೊ ಹಚ್ಚಿ ಟೊಂಕ ಕಟ್ಟಿ ನಿಂತ. ವಿಡಿಯೊದ ಹುಡುಗಿ ನಗುನಗುತ್ತಲೇ ಮಾಡಿ ಮುಗಿಸಿದಳು. ಅವಳಿಗೆ ನೆರೆಹೊರೆಯವರಿರಲಿಲ್ಲ.

ಇವನು ಪಾಸ್ತಾ ಬಸಿಯುವಷ್ಟರಲ್ಲಿ ಮಹಡಿ ಮನೆಯ ಡ್ರಾಯಿಂಗ್ ಮೇಷ್ಟ್ರು ವಾಸನೆ ಹಿಡಿದು ಬಂದರು. ಕ್ಯಾರೆಟ್ ತುಂಡುಗಳು ಒಂದೇ ಅಳತೆಗಿಲ್ಲವೆಂದು ನೊಂದುಕೊಂಡು, ಎಲ್ಲವನ್ನೂ ಮತ್ತೆ ಹೆಚ್ಚಿದರು. ಬೆನ್ನಿಗೇ ಎದುರುಮನೆಯ ಟೈಲರಮ್ಮ ಹಾಜರು.

"ಉಪ್ಪು ಹಾಕಿದ್ಯೇನಪ್ಪಾ?" ಎಂದವರು ಉತ್ತರಕ್ಕೂ ಕಾಯದೆ ಬಾಣಲೆಗೆ ಒಂದು ಹಿಡಿ ಸುರಿದರು. ಮೇಷ್ಟ್ರು ಆಗಲೇ ಹಾಕಿದ್ದರು. ಅದಕ್ಕೂ ಮೊದಲು ಅವನೇ ಹಾಕಿದ್ದ.

ಟೈಲರಮ್ಮ ಒಂದು ತೊಟ್ಟು ನೆಕ್ಕಿ ನೋಡಿ ಮುಖ ಕಿವುಚಿದರು. "ಏನು ಉಪ್ಪಪ್ಪಾ ಇದು, ನೋಡ್ಕೊಂಡು ಹಾಕೋದಲ್ವಾ? ಹಾಲು ಹಾಕು."

ಹಾಲು ಹಾಕಿದರೆ ನೀರಾಯಿತು. ಚೀಸ್ ತುರಿದರೆ ಅಂಟಿನಂತೆ ಗಟ್ಟಿಯಾಯಿತು. ಮತ್ತೆ ಹಾಲು, ಮತ್ತೆ ಪಾಸ್ತಾ, ಮತ್ತೆ ಬಟಾಣಿ. ಪುಟ್ಟ ಬಾಣಲೆಯಲ್ಲಿ ಶುರುವಾದ ಅಡುಗೆ ಕೊನೆಗೆ ಸ್ನಾನದ ನೀರು ಕಾಯಿಸುವ ಪಾತ್ರೆಗೆ ಬಂದು ನಿಂತಿತು.

ಅತ್ತೆ ಮೊದಲ ಚಮಚ ಬಾಯಿಗಿಟ್ಟಾಗ ಐದ್ನಿಮಿಷ ಸೌಟು ಹಿಡಿದೇ ಅವರ ಮುಖ ನೋಡಿದ. ಅವರು ತಟ್ಟೆ ಖಾಲಿ ಮಾಡಿದರು. ಮತ್ತೆ ಬಡಿಸಿಕೊಂಡರು. ಉಪ್ಪು, ಹಾಲು, ಚೀಸು ಒಳಗೊಳಗೇ ಅದು ಹೇಗೋ ರಾಜಿಯಾಗಿದ್ದವು. ಮೇಷ್ಟ್ರೂ ಟೈಲರಮ್ಮನೂ ಮನೆಯಿಂದ ತಟ್ಟೆ ತಂದು ಕೂತರು.

ಗೆದ್ದೆ ಎಂದುಕೊಂಡ ಅವನು ಸೂಟ್‌ಕೇಸ್ ಎತ್ತಿ ತಂದು ಬಾಗಿಲ ಬಳಿ ಇಟ್ಟ.

"ಅದನ್ನ ಒಳಗಿಡಿ ಅಳಿಯಂದ್ರೇ." ಅತ್ತೆಯ ಕಣ್ಣು ನಿಜಕ್ಕೂ ತುಂಬಿತ್ತು. "ಮದುವೆಯಾದಾಗಿನಿಂದ ಕಂಡೋರಿಗೆಲ್ಲ ಬೇಯಿಸಿ ಹಾಕಿದ್ದೇ ಆಯ್ತು. ಕೂತಲ್ಲಿಗೆ ಬಿಸಿ ತಟ್ಟೆ ಬಂದಿದ್ದು ಇವತ್ತೇ. ಇಂಥ ಅಳಿಯನ್ನ ಬಿಟ್ಟು ಎಲ್ಲಿಗೆ ಹೋಗಲಿ? ಮಗಳು ಬಂದ ಮೇಲೂ ಇಲ್ಲೇ ಇರ್ತೀನಿ."

ಅವನು ಮೊಬೈಲು ತೆಗೆದು ತೋರಿಸಿದ. "ಅತ್ತೆ, ಬಸ್ಸಿನ ಟಿಕೆಟ್ಟು..."

"ಕ್ಯಾನ್ಸಲ್ ಮಾಡಿ," ಎನ್ನುತ್ತ ಅತ್ತೆ ತಟ್ಟೆ ಮುಂದೆ ಚಾಚಿದರು. "ಐದು ನಿಮಿಷದ ಕೆಲಸ."