ನೆಲ ತಿರುಗಿ ಬಡಿದ ಮಧ್ಯಾಹ್ನ

"ದವಡೆ ಮೂಳೆ ಕೊರೆದು, ಅದರೊಳಗೆ ಸ್ಕ್ರೂ ತಿರುಗಿಸಿ, ಅದರ ಮೇಲೆ ಹಲ್ಲು ಕೂರಿಸೋನು ನಾನು! ಸುಮ್ಮನೆ ಬಿದ್ದಿರೋ ನೆಲಕ್ಕೆ ನಾಲ್ಕು ಗೂಟ ಹೊಡೆಯೋಕೆ ನಂಗೆ ನೀವು ಪಾಠ ಹೇಳ್ತೀರಾ?"

ದಂತವೈದ್ಯರು ಹೀಗೆ ಗುಡುಗಿದ್ದು ಟೆಂಟಿನ ಅಂಗಡಿಯವನ ಮೇಲೆ. ಪಾಪ, ಅವನು ಅಂದದ್ದು ಇಷ್ಟೇ: "ಗುಡ್ಡದ ಮೇಲೆ ನೆಲ ಬಹಳ ಗಟ್ಟಿ ಸಾರ್, ಜಾಗ ನೋಡಿ ಆರಿಸ್ಕೊಳ್ಳಿ."

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅವರ ಕಾರು ಗುಡ್ಡದ ನೆತ್ತಿ ಮುಟ್ಟಿತು. ಕಾರಿನಲ್ಲಿದ್ದವರು ಮೂವರು. ಗೂಟಗಳ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ ದಂತವೈದ್ಯರು. ಕಾರು ಓಡಿಸುತ್ತಿದ್ದ, ಹೈಸ್ಕೂಲಿನಲ್ಲಿ ಗಣಿತ ಹೇಳುವ ಅವರ ಹೆಂಡತಿ. ಮತ್ತು ಹಿಂದಿನ ಸೀಟಿನಲ್ಲಿ ಹೆಂಡತಿಯ ತಾಯಿ, ಅಂದರೆ ವೈದ್ಯರ ಅತ್ತೆ. ಅತ್ತೆಗೆ ಮಂಡಿನೋವು. ಒಮ್ಮೆ ಕೂತರೆಂದರೆ ಏಳಿಸಲು ಇಬ್ಬರು ಬೇಕು.

ಗುಡ್ಡವೆಲ್ಲ ಇಳಿಜಾರು. ನಡುವೆ ಒಂದೇ ಒಂದು ಕಡೆ ನೆಲ ಇಸ್ತ್ರಿ ಮಾಡಿದ ಹಾಗೆ ಸಮತಟ್ಟಾಗಿತ್ತು.

"ನೋಡಿದ್ಯಾ! ನಮಗೋಸ್ಕರ ಮಾಡಿಟ್ಟ ಹಾಗಿದೆ!"

ಹೆಂಡತಿ ಕಾರಿನ ಬಾಗಿಲು ಹಿಡಿದೇ ನಿಂತಳು. "ರೀ, ಸುತ್ತ ಎಲ್ಲ ಕಡೆ ಹುಲ್ಲಿದೆ. ಇಲ್ಲಿ ಮಾತ್ರ ಯಾಕೆ ಒಂದು ಗರಿಕೆನೂ ಬೆಳೆದಿಲ್ಲ?"

"ನೆಲಾನೂ ಸ್ವಚ್ಛವಾಗಿರಬಾರದಾ?"

ಗಾಳಿ ಜೋರಾಗಿತ್ತು, ಧೂಳು ಕಣ್ಣಿಗೆ ಬಡಿಯುತ್ತಿತ್ತು. ದಂತವೈದ್ಯರು ನೆಲಹಾಸು ಬಿಡಿಸಿದರು. ಜಾಗದ ನಡುವೆ ತುಕ್ಕು ಹಿಡಿದ ದೊಡ್ಡದೊಂದು ತಗಡು ಮಣ್ಣಿಗೆ ಅಂಟಿಕೊಂಡು ಬಿದ್ದಿತ್ತು. ಯಾರೋ ಬಿಸಾಡಿದ್ದಿರಬೇಕು ಎಂದುಕೊಂಡು ಅದರ ಮೇಲೆಯೇ ಹಾಸಿದರು. ಹಾಸು ಹಾರಿತು. ಮತ್ತೆ ಹಾಸಿದರು. ಅದು ಹಾರಿ ಅವರ ಮುಖಕ್ಕೇ ಸುತ್ತಿಕೊಂಡಿತು.

"ಅತ್ತೇ, ಸ್ವಲ್ಪ ಇದರ ಮೇಲೆ ಕೂತ್ಕೊಳ್ತೀರಾ? ಮಧ್ಯದಲ್ಲಿ."

"ನಾನು ಇಲ್ಲಿಗೆ ಬಂದದ್ದು ಭಾರಕ್ಕಾ?" ಎನ್ನುತ್ತಲೇ ಅತ್ತೆ ಮಡಚುವ ಕುರ್ಚಿಯಲ್ಲಿ ಸ್ಥಾಪಿತರಾಗಿ, ಚೀಲದಿಂದ ಉಣ್ಣೆ ಮತ್ತು ಹೆಣಿಗೆ ಕಡ್ಡಿ ತೆಗೆದರು. ಹಾಸು ಬಾಲ ಮುದುರಿಕೊಂಡು ಸುಮ್ಮನಾಯಿತು.

ಇನ್ನು ಕಾರಿನ ಪಕ್ಕಕ್ಕೆ ಕಟ್ಟುವ ಬಟ್ಟೆಯ ಚಪ್ಪರ. ದಂತವೈದ್ಯರು ಮೊದಲ ಗೂಟವಿಟ್ಟು, ಸುತ್ತಿಗೆಯನ್ನು ಆಕಾಶದವರೆಗೆ ಎತ್ತಿ ಬಡಿದರು. ಠಣ್! ಠಣ್! ಠಣ್! ಗೂಟ ಎರಡು ಬೆರಳು ಇಳಿಯಿತು. ಆಮೇಲೆ ನಮಸ್ಕಾರ ಮಾಡುವಂತೆ ಬಾಗಿತು.

ಅಷ್ಟರಲ್ಲಿ ಗಾಳಿ ಒಮ್ಮೆಲೇ ನಿಂತಿತು. ಗುಡ್ಡದ ಆ ಬದಿಯಿಂದ ಮಂಜು ಮೇಲೇರಿ ಬಂದು ಕಾರಿನ ಸುತ್ತ ಗೋಡೆ ಕಟ್ಟಿತು. ಒಂದು ಹಕ್ಕಿಯ ದನಿಯೂ ಇಲ್ಲ. ಅತ್ತೆಯ ಹೆಣಿಗೆ ಕಡ್ಡಿಗಳ ಕಟಕಟ ಮಾತ್ರ.

ಆಗ ನೆಲದೊಳಗಿನಿಂದ ಕೇಳಿಸಿತು. ಟಕ್. ಟಕ್. ಟಕ್.

ದಂತವೈದ್ಯರು ಹೆಂಡತಿಯನ್ನು ನೋಡಿದರು. ಹೆಂಡತಿ ಅವರ ಕಾಲಡಿಯ ನೆಲವನ್ನು ನೋಡಿದಳು.

"ಪ್ರತಿಧ್ವನಿ," ಎಂದರು ದಂತವೈದ್ಯರು, ದನಿ ತಗ್ಗಿಸಿ.

"ಒಂದು ನಿಮಿಷ ಬಿಟ್ಟು ಬರುತ್ತಾ?"

ಅವರು ಇನ್ನೊಂದು ಗೂಟವಿಟ್ಟು ಎರಡೇ ಏಟು ಹಾಕಿದರು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಕೆಳಗಿನಿಂದ: ಟಕ್. ಟಕ್. ಎರಡೇ.

ಐದು ಹೊಡೆದರು. ಐದು ಬಂತು.

ಹೆಂಡತಿಯ ಮುಖದ ರಕ್ತವೇ ಇಳಿದುಹೋಯಿತು. "ರೀ... ಅದಕ್ಕೆ ಎಣಿಸೋಕೆ ಬರುತ್ತೆ! ನನ್ನ ಎಂಟನೇ ಕ್ಲಾಸಿನ ಅರ್ಧ ಮಕ್ಕಳಿಗಿಂತ ಚೆನ್ನಾಗಿ ಬರುತ್ತೆ!"

ಇಲ್ಲಿಗೆ ನಿಲ್ಲಿಸಿದ್ದರೆ ಅವರು ದಂತವೈದ್ಯರೇ ಅಲ್ಲ! ಗೂಟದ ತಂಟೆಯೇ ಬೇಡವೆಂದು, ಮಂಜಿನಲ್ಲಿ ಕೊಡೆಯ ಹಿಡಿಕೆಯಂತೆ ಬಾಗಿ ನಿಂತಿದ್ದ ಒಂದು ಕಬ್ಬಿಣದ ಕೊಳವೆಯನ್ನು ಹುಡುಕಿದರು. ಅಲ್ಲಾಡಿಸಿದರು, ಕೊಳವೆ ಜಗ್ಗಲಿಲ್ಲ. ಚಪ್ಪರದ ಮೂಲೆಯನ್ನು ಅದರ ತಲೆಗೆ ಮುಂಡಾಸಿನಂತೆ ಸುತ್ತಿ, ಮೇಲೆ ಮೂರು ಗಂಟು ಬಿಗಿದರು. ಚಪ್ಪರ ಎದ್ದು ನಿಂತಿತು!

"ನೋಡೀಗ! ಬುದ್ಧಿ ಇದ್ದೋನಿಗೆ ಗೂಟ ಯಾಕೆ?"

"ಹೂಂ..." ಎಂದಿತು ಕೊಳವೆ.

"ನೀನೇನಾದ್ರೂ ಅಂದ್ಯಾ?" ಎಂದು ದಂತವೈದ್ಯರು ಹೆಂಡತಿಯನ್ನು ಕೇಳಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವಳ ಒಂದು ಕಾಲು ಆಗಲೇ ಕಾರಿನೊಳಗಿತ್ತು.

"ಹೂಂ... ಹೂಂ... ಊಂ..." ಕೊಳವೆ ಈ ಸಲ ನೀಳವಾಗಿ ನರಳಿತು. ಬಾಯಿತುಂಬ ಹತ್ತಿ ತುರುಕಿಸಿಕೊಂಡವರು ನರಳುವ ಹಾಗೆ. ಆ ನರಳಿಕೆಯ ಪರಿಚಯ ದಂತವೈದ್ಯರಿಗೆ ಚೆನ್ನಾಗಿಯೇ ಇತ್ತು. ಕತ್ತಿನ ಕೂದಲು ಒಂದೊಂದಾಗಿ ಎದ್ದು ನಿಂತವು. ಸುತ್ತಿಗೆ ಅಲ್ಲಿ, ಗೂಟ ಇಲ್ಲಿ, ವೈದ್ಯರು ಕಾರಿನೊಳಗೆ! ಬಾಗಿಲು ಹಾಕಿಕೊಂಡದ್ದೂ ಆಯಿತು, ಹೆಂಡತಿ ಕೀಲಿ ತಿರುಗಿಸಿದ್ದೂ ಆಯಿತು.

"ಅಮ್ಮ!" ಎಂದು ಚೀರಿದಳು ಹೆಂಡತಿ.

ಕಿಟಕಿಯಾಚೆ, ಮಂಜಿನ ನಡುವೆ, ಅತ್ತೆ ಹೆಣೆಯುತ್ತ ಕೂತಿದ್ದರು. ಕೂತಲ್ಲೇ ಅವರು ಮೆಲ್ಲಗೆ ಎರಡು ಬೆರಳಿನಷ್ಟು ಮೇಲೆದ್ದರು. ಮತ್ತೆ ಮೆಲ್ಲಗೆ ಇಳಿದರು. ಅವರ ಕೆಳಗಿನ ನೆಲಹಾಸು, ಮಲಗಿದ ಪ್ರಾಣಿಯ ಹೊಟ್ಟೆಯಂತೆ, ಉಸಿರೆಳೆದು ಉಸಿರು ಬಿಡುತ್ತಿತ್ತು.

ದಂತವೈದ್ಯರು ಬಾಗಿಲಿನ ಹಿಡಿಗೆ ಕೈ ಹಾಕಿದರು. ಅತ್ತೆಗೂ ಅವರಿಗೂ ಒಂದು ದಿನವೂ ಸರಿಹೋದದ್ದಿಲ್ಲ. ಆದರೂ ಅವರು ಇಳಿದರು, ಇಳಿದು ಓಡಿದರು. ಓಡುವಾಗ ತಮ್ಮದೇ ಬಾಗಿದ ಗೂಟ ಎಡವಿ, ಅತ್ತೆಯ ಪಾದಗಳಿಗೆ ಉದ್ದಂಡ ನಮಸ್ಕಾರ ಹಾಕಿದರು.

"ಅತ್ತೇ, ಏಳಿ! ಇಲ್ಲಿ ಏನೋ ಇದೆ!"

"ಗೊತ್ತು," ಎಂದರು ಅತ್ತೆ, ಕಡ್ಡಿ ನಿಲ್ಲಿಸದೆ. "ಆಗಿಂದ ಎತ್ತುತ್ತಾ ಇದೆ. ಪಾಪ, ನನ್ನ ಭಾರಕ್ಕೆ ಅದರ ಕೈಲಿ ಆಗ್ತಿಲ್ಲ."

ಹೆಂಡತಿಯೂ ಓಡಿಬಂದಳು. ಇಬ್ಬರೂ ಸೇರಿ ಅತ್ತೆಯನ್ನು ಎಬ್ಬಿಸುವ ರಭಸದಲ್ಲಿ ಚಪ್ಪರದ ಬಟ್ಟೆಗೆ ಸಿಕ್ಕಿಕೊಂಡರು. ಬಟ್ಟೆ ಕೊಳವೆಯ ತಲೆಯಿಂದ ಕಿತ್ತುಕೊಂಡು ಬಂತು. ಕೊಳವೆಯ ದನಿ ಈಗ ಗಂಟೆಯಂತೆ ಸ್ಪಷ್ಟವಾಯಿತು.

"ತೆಗೀರೋ! ಯಾರಾದ್ರೂ ತೆಗೀರೋ! ಉಸಿರು ಕಟ್ತಾ ಇದೆ!"

ಅತ್ತೆ ಕೊಳವೆಯತ್ತ ಬಗ್ಗಿದರು. "ಯಾರಪ್ಪಾ ನೀನು?"

"ನೀರುಗಂಟಿ ಕಣಮ್ಮಾ! ಊರಿಗೆ ನೀರು ಬಿಡೋನು! ತೊಟ್ಟಿಗೆ ಸುಣ್ಣ ಹೊಡೆಯೋಕೆ ಇಳಿದಿದ್ದೆ!"

ಹೆಂಡತಿ ಅಮ್ಮನನ್ನು ಹಾಸಿನಿಂದ ಆಚೆ ನಿಲ್ಲಿಸಿದಳು. ಆಮೇಲೆ ದಂತವೈದ್ಯರು ಕುರ್ಚಿ ಎಸೆದು, ಹಾಸು ಎಳೆದು, ಆ ತುಕ್ಕು ತಗಡಿನ ಅಂಚಿಗೆ ಬೆರಳು ತೂರಿಸಿದರು. ತಗಡಲ್ಲ, ಮುಚ್ಚಳ! ಉಗುರು ಸೀಳಿತು, ಬಿಡಲಿಲ್ಲ. ಮೇಲಿನಿಂದ ಅವರು ಎತ್ತಿದರು, ಕೆಳಗಿನಿಂದ ತಲೆಯೊಂದು ಎತ್ತಿತು. ಕಿರ್ರ್ ಎಂದು ಮುಚ್ಚಳ ತೆರೆದುಕೊಂಡಿತು. ಕತ್ತಲೆಯೊಳಗಿನಿಂದ ಅಡಿಯಿಂದ ಮುಡಿಯವರೆಗೆ ಬೆಳ್ಳಗಿನ ಆಕೃತಿಯೊಂದು, ಕೆಂಪು ಕಣ್ಣು ಬಿಟ್ಟುಕೊಂಡು, ಏಣಿ ಹತ್ತಿ ಮಂಜಿಗೆ ಬಂತು.

ಮನುಷ್ಯನೆಂದು ಗೊತ್ತಿದ್ದೂ ದಂತವೈದ್ಯರು ಕೈಮುಗಿದುಬಿಟ್ಟರು.

ಅತ್ತೆ ಫ್ಲಾಸ್ಕಿನಿಂದ ಬಿಸಿ ಚಹಾ ಬಗ್ಗಿಸಿ ಕೊಟ್ಟರು. ನೀರುಗಂಟಿ ಮೂರು ಲೋಟ ಕುಡಿದ ಮೇಲೆ ಮಾತಾಡಿದ.

"ಧೂಳು ಬೀಳುತ್ತೆ ಅಂತ ನಾನೇ ಮುಚ್ಚಳ ಎಳ್ಕೊಂಡಿದ್ದೆ. ಟಾರ್ಚು ಕೆಟ್ಟುಹೋಯ್ತು. ಹತ್ತಿ ತಳ್ಳಿದ್ರೆ ಮುಚ್ಚಳ ಬರಲ್ಲ! ಮೇಲೆ ಯಾರೋ ಬಡೀತಿದ್ರು. ಒಳಗೊಬ್ಬ ಇದ್ದಾನೆ ಅಂತ ತಿಳೀಲಿ ಅಂತ ಅಷ್ಟಕ್ಕಷ್ಟೇ ನಾನೂ ಬಡಿದೆ. ಕೊನೆಗೆ ಗಾಳಿ ಬರೋ ಕೊಳವೆಗೂ ಏನೋ ತುರುಕಿದ್ರು. ನನ್ನ ಕಥೆ ಮುಗೀತು ಅಂದ್ಕೊಂಡೆ."

ದಂತವೈದ್ಯರು ತಲೆ ತಗ್ಗಿಸಿ, "ತಪ್ಪಾಯ್ತು," ಎಂದರು. ಮದುವೆಯಾದಂದಿನಿಂದ ಆ ಶಬ್ದ ಕೇಳಿರದ ಹೆಂಡತಿ ತಿರುಗಿ ನೋಡಿದಳು.

ನೀರುಗಂಟಿ ಒಳ್ಳೆಯವನು. ಅವರನ್ನು ತೆಳು ಮಣ್ಣು ಹೊದ್ದ ತೊಟ್ಟಿಯ ಛಾವಣಿಯಿಂದ ಇಪ್ಪತ್ತು ಹೆಜ್ಜೆ ಆಚೆ, ನಿಜವಾದ ಮಣ್ಣಿರುವಲ್ಲಿಗೆ ಕರೆದೊಯ್ದ. ಗುರುತು ಹಾಕಿ, ಒಂದೊಂದು ಗುರುತಿಗೂ ಒಂದೊಂದು ಚೊಂಬು ನೀರು ಸುರಿದು, ಆರಾಮಾಗಿ ಕೂತ.

"ಹೊಡೀಲಾ?" ಎಂದರು ದಂತವೈದ್ಯರು.

"ತಡೀರಿ. ಗಟ್ಟಿ ನೆಲಕ್ಕೆ ಮೊದಲು ನೀರು ಕುಡಿಸ್ಬೇಕು. ಮೆತ್ತಗಾಗೋ ತನಕ ಕಾಯ್ಬೇಕು. ಆಮೇಲೆ ಗೂಟಾನ ಓರೆಯಾಗಿ ಇಡ್ಬೇಕು. ಹಾಸಿನ ಅಂಚನ್ನ ಕಲ್ಲಿಗೆ ಸುತ್ತಿ ಮಡಚಿದ್ರೆ ಅದಕ್ಕೆ ಗೂಟಾನೇ ಬೇಡ."

"ಇದನ್ನೇ ಅಲ್ವೇನ್ರೀ ನೀವು ದಿನಾ ಮಾಡೋದು?" ಎಂದಳು ಹೆಂಡತಿ. "ಮೊದಲು ಇಂಜೆಕ್ಷನ್, ಆಮೇಲೆ ಕಾಯೋದು, ಆಮೇಲೆ ಇಕ್ಕಳ!"

ಹತ್ತು ನಿಮಿಷದ ನಂತರ ಗೂಟಗಳು ಬೆಣ್ಣೆಗೆ ಇಳಿದಂತೆ ಇಳಿದವು. ಚಪ್ಪರ ಬಿಗಿಯಾಗಿ ನಿಂತಿತು. ನೀರುಗಂಟಿ ಮುಖದ ಸುಣ್ಣ ಒರೆಸಿಕೊಳ್ಳುತ್ತ ಕೇಳಿದ:

"ಇಂಜೆಕ್ಷನ್ ಅಂದ್ರು ಅಮ್ಮಾವ್ರು. ತಮ್ಮದೇನು ಕೆಲಸ ಸ್ವಾಮಿ?"

ದಂತವೈದ್ಯರಿಗೆ ಜೀವನದಲ್ಲಿ ಮೊದಲ ಬಾರಿಗೆ ಅದನ್ನು ಹೇಳಿಕೊಳ್ಳುವ ಉತ್ಸಾಹ ಬರಲಿಲ್ಲ. ಅತ್ತೆಯೇ ಹೇಳಿದರು: "ಹಲ್ಲಿನ ಡಾಕ್ಟ್ರು."

ನೀರುಗಂಟಿ ಲೋಟ ಕೆಳಗಿಟ್ಟ. ದಂತವೈದ್ಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಊರೋರಿಗೆಲ್ಲ 'ಬಾಯಿ ತೆಗೀರಿ, ಬಾಯಿ ತೆಗೀರಿ' ಅನ್ನೋರು ನೀವು! ನನ್ನ ತೊಟ್ಟಿ ಬಾಯಿ ಒಂದು ತೆಗೆಸೋಕೆ ನಾನು ಅಷ್ಟು ಹೊತ್ತು ಬಾಯಿ ಬಡ್ಕೋಬೇಕಾಯ್ತಲ್ಲ ಡಾಕ್ಟ್ರೇ!"