ಸ್ಕ್ರೀನುಗಳ ಹಾಜರಿ

ನಮ್ಮ ಅತ್ತಿಗೆಯ ಎದುರಿಗೆ ನೀವು ಸುಮ್ಮನೆ ಬಂದು ಹೋಗುವಂತಿಲ್ಲ. ಬಂದದ್ದು, ಕೂತದ್ದು, ಎದ್ದದ್ದು, ಹೋದದ್ದು ಎಲ್ಲಕ್ಕೂ ಹಾಜರಿ ಬೀಳಲೇಬೇಕು! ಹಾಗಂತ ಅವರೇನು ಪೊಲೀಸ್ ಇಲಾಖೆಯವರಲ್ಲ. ರಾಯಚೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಮೊಬೈಲ್ ಆ್ಯಪ್ ಮಾಡುತ್ತಾರೆ, ಅಷ್ಟೇ.

ಆ್ಯಪಿನಲ್ಲಿ ಒಂದೊಂದು ಸ್ಕ್ರೀನಿಗೂ ಹುಟ್ಟು ಸಾವು ಇರುತ್ತವಂತೆ. ತೆರೆದಾಗ ಹುಟ್ಟುತ್ತದೆ, ನಡುವೆ ಫೋನ್ ಬಂದರೆ ಹಿಂದಕ್ಕೆ ಸರಿಯುತ್ತದೆ, ಮಾತು ಮುಗಿದ ಮೇಲೆ ಮರಳುತ್ತದೆ, ಮುಚ್ಚಿದರೆ ಸಾಯುತ್ತದೆ. ಪ್ರತಿ ಹಂತದಲ್ಲೂ ‘ಈಗ ಬಂದೆ’, ‘ಈಗ ಸರಿದೆ’ ಎಂದು ಸ್ಕ್ರೀನೇ ಒಂದು ಸಾಲು ಬರೆದಿಡುವಂತೆ ಅತ್ತಿಗೆ ಏರ್ಪಾಡು ಮಾಡುತ್ತಾರೆ. ಅದಕ್ಕೆ ಲಾಗ್ ಎನ್ನುತ್ತಾರೆ. ಎಲ್ಲಿ ಎಡವಟ್ಟಾಯಿತು ಎಂದು ಆಮೇಲೆ ಹುಡುಕಲು ಬೇಕಂತೆ. ಒಪ್ಪೋಣ. ಆದರೆ ಅದನ್ನು ಮನೆಯ ಮಂದಿಗೂ ಹಚ್ಚಬೇಕೇ?

ಪಕ್ಕದ ಮನೆಯ ಹಿರಿಯಾಕೆ, ನಮ್ಮೆಲ್ಲರ ಕಾಕು, ‘ಬರ್ತೀನ್ರಿ’ ಎಂದು ಎದ್ದವರು ಹೊಸ್ತಿಲಲ್ಲಿ ನಿಂತು ಮಗಳ ಬಾಣಂತನದಿಂದ ಹಿಡಿದು ಹುಣಸೆಹಣ್ಣಿನ ತನಕ ಮಾತಾಡುತ್ತಿದ್ದರೆ, ಕಾಕು ಸರಿದಿದ್ದಾರೆ, ಇನ್ನೂ ಮುಚ್ಚಿಲ್ಲ ಎಂದು ಅತ್ತಿಗೆ ನನ್ನ ಕಿವಿಯಲ್ಲಿ ವರದಿ ಒಪ್ಪಿಸುತ್ತಾರೆ. ಒಮ್ಮೆ ಅಣ್ಣ ಊಟಕ್ಕೆ ಕೂತು ಕಣ್ಣೆಲ್ಲ ಕ್ರಿಕೆಟ್ಟಿನ ಮೇಲಿಟ್ಟಿದ್ದ. ಪಲ್ಯ ಬೇಕೇ ಎಂದು ಅವ್ವ ಕೇಳಿ ಕೇಳಿ ಸೋತಳು.

“ಸುಮ್ನ ಯಾಕ್ ಕೇಳ್ತೀರಿ ಅತ್ತಿ? ಕಾಣಸ್ತಾರ, ಆದ್ರ ಚಾಲೂ ಇಲ್ಲ” ಎಂದರು ಅತ್ತಿಗೆ.

ಈಗ ಅವ್ವನೂ ಅಣ್ಣನನ್ನು ಮಾತಾಡಿಸುವ ಮೊದಲು, ಚಾಲೂ ಇದ್ದಾನೋ ಇಲ್ಲವೋ ಎಂದು ನನ್ನನ್ನು ವಿಚಾರಿಸಿಕೊಳ್ಳುತ್ತಾಳೆ.

ಇಂಥ ಅತ್ತಿಗೆ ಈಚೆಗೆ ನಗುವುದನ್ನೇ ಬಿಟ್ಟಿದ್ದರು. ಕಂಪನಿ ಕೆಲಸ ಬಿಟ್ಟ ಮೇಲೆ ಸ್ವಂತಕ್ಕೆ ಹಿಡಿದ ಮೊದಲ ಕೆಲಸ ಕೈತಪ್ಪುವುದರಲ್ಲಿತ್ತು. ದೇವದುರ್ಗದಲ್ಲಿ ಖಡಕ್ ರೊಟ್ಟಿ ಬಡಿದು ಮಾರುವ ಹೆಂಗಸರ ಗುಂಪಿಗೆ ಆರ್ಡರ್ ಬರೆದುಕೊಳ್ಳುವ ಆ್ಯಪ್ ಅದು. ಆರ್ಡರ್ ಅರ್ಧ ತುಂಬುವಷ್ಟರಲ್ಲಿ ಅಳಿಸಿಹೋಗುತ್ತದೆ ಎಂದು ಅವರ ದೂರು. ನಮ್ಮ ಮನೆಯ ಯಾವ ಫೋನಿನಲ್ಲೂ ಅಳಿಸುತ್ತಿರಲಿಲ್ಲ! ನಡುವೆ ಫೋನ್ ಬಂದರೆ ಅಳಿಸೀತೇನೋ ನೋಡಲೆಂದು ಅತ್ತಿಗೆ ಮಹಡಿಯಲ್ಲಿ ಆರ್ಡರ್ ತುಂಬುವುದು, ನಾನು ಅಡುಗೆಮನೆಯಿಂದ ಫೋನ್ ಹಚ್ಚುವುದು, ಅವರು ಎತ್ತಿ ‘ಹಲೋ’ ಎನ್ನುವುದು, ಇದೇ ನಡೆಯಿತು ದಿನವಿಡೀ. ಅತ್ತಿಗೆ ನಾದಿನಿಯರು ಒಂದೇ ಮನೆಯಲ್ಲಿದ್ದು ಫೋನಿನಲ್ಲಿ ಮಾತಾಡುವಷ್ಟು ಜಗಳವಾಗಿದೆ ಎಂದು ಕಾಕು ಓಣಿಗೆಲ್ಲ ಸಾರಿಬಿಟ್ಟರು. ಕಡೆಗೆ ದೇವದುರ್ಗದವರು ತಿಳಿಸಿದರು: ಈ ವಾರ ಸರಿಯಾಗದಿದ್ದರೆ ಆ್ಯಪ್ ಬೇಡ, ಮೊದಲಿನ ಹಾಗೆ ನೆನಪಿನಲ್ಲೇ ಇಟ್ಟುಕೊಳ್ಳುತ್ತೇವೆ.

ಅವರ ಫೋನಿನ ಲಾಗ್ ತರಿಸಿ ನೋಡಿದರೆ, ಸ್ಕ್ರೀನು ಹಿಂದಕ್ಕೆ ಸರಿದದ್ದಿದೆ, ಮರಳಿದ್ದಿಲ್ಲ. ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತಿದೆ. ಹಾಗಾದರೆ ಹಳೆಯದನ್ನು ಕೊಂದವರು ಯಾರು? ಅತ್ತಿಗೆ ನನ್ನನ್ನೂ ಎಳೆದುಕೊಂಡು ದೇವದುರ್ಗದ ಬಸ್ ಹತ್ತಿದರು.

ಅಲ್ಲಿ ಆರ್ಡರ್ ಬರೆದುಕೊಳ್ಳುವಾಕೆ ಗುಂಪಿನ ಹಿರಿಯಳು. ಕೈಯ ಹಿಟ್ಟನ್ನು ಒರೆಸಿಕೊಂಡು ಬಂದು ನಮ್ಮೆದುರಿಗೇ ತುಂಬತೊಡಗಿದಳು. ನಡುವೆ ಯಾರದೋ ಫೋನ್ ಬಂತು, ಮಾತಾಡಿದಳು. ಮಾತು ಮುಗಿದದ್ದೇ ತಡ, ತೆರೆದಿದ್ದ ಆ್ಯಪುಗಳನ್ನೆಲ್ಲ ಒಂದೊಂದಾಗಿ ಬೆರಳಿನಿಂದ ಮೇಲಕ್ಕೆ ತಳ್ಳಿ, ಫೋನನ್ನು ಸಾರಿಸಿದ ಅಂಗಳದಂತೆ ಮಾಡಿಟ್ಟಳು. ಅದರೊಂದಿಗೆ ಅರ್ಧ ತುಂಬಿದ ಆರ್ಡರೂ ಹೋಯಿತು. ಕೊಂದವರು ಸಿಕ್ಕಿಬಿದ್ದರಲ್ಲ! ಅತ್ತಿಗೆಯ ಮುಖ ಅರಳಿತು. ಹೀಗೇಕೆ ಮಾಡುತ್ತೀರಿ ಎಂದು ಕೇಳಿದರು.

“ನನ್ ಮಗಳು ದುಡಿಯಾಕ ಪುಣಾಕ ಹೋಗ್ಯಾಳ್ರಿ. ಬಿಡುವು ಸಿಕ್ಕಾಗ ಫೋನ್ ಮಾಡ್ತಾಳ. ಒಮ್ಮಿ ಇದು ಹ್ಯಾಂಗ್ ಆಗಿ ಆಕಿ ಫೋನ್ ಬರ್ಲೇ ಇಲ್ಲ. ಅವತ್ತ ಆಕಿಗಿ ಭಾಳ ಜ್ವರ ಇತ್ತಂತ. ಆ್ಯಪ್ ಎಲ್ಲಾ ತೆರದಿಟ್ರ ಹಂಗಾಗ್ತದಂತ ಮೊಬೈಲ್ ಅಂಗಡಿಯವ ಹೇಳಿದ. ಅದಕ್ಕ ಖಾಲಿ ಇಡ್ತೀನ್ರಿ, ಆಕಿ ಬಂದ್ರ ಜಾಗ ಇರ್ಲಿ ಅಂತ.”

ಅಂಗಡಿಯವನ ಮಾತು ಪೂರ್ತಿ ನಿಜವಲ್ಲ ಎಂಬುದು ಇಷ್ಟು ದಿನ ಅತ್ತಿಗೆಯ ಪಾಠ ಕೇಳಿದ ನನಗೇ ಗೊತ್ತಿತ್ತು. ಈಗ ಅವರು ವಿವರಿಸಲು ಶುರುಮಾಡುತ್ತಾರೆ, ನಮ್ಮ ಬಸ್ ತಪ್ಪುತ್ತದೆ ಎಂದುಕೊಂಡೆ.

“ನೀವು ಖಾಲೀನೇ ಇಡ್ರಿ ಯವ್ವಾ. ಬರದದ್ದು ಅಳಿಸದಂಗ ನಾ ಮಾಡ್ತೀನಿ” ಎಂದರು ಅತ್ತಿಗೆ.

ಅಲ್ಲೇ ರೊಟ್ಟಿ ಬುಟ್ಟಿಗಳ ನಡುವೆ ಲ್ಯಾಪ್‌ಟಾಪ್ ತೆರೆದು, ಒಂದೊಂದು ಅಕ್ಷರ ಒತ್ತಿದ ಕೂಡಲೇ ಅದು ಜೋಪಾನವಾಗುವ ಹಾಗೆ ಬದಲಿಸಿದರು. ಹಿರಿಯಳು ಅರ್ಧ ತುಂಬಿದಳು, ಎಲ್ಲ ತಳ್ಳಿದಳು, ಮತ್ತೆ ತೆರೆದಳು. ಬರೆದದ್ದು ಹಾಗೇ ಇತ್ತು. ರೊಟ್ಟಿ ಬಡಿಯುತ್ತಿದ್ದವರೆಲ್ಲ ಎದ್ದು ಬಂದು ನೋಡಿದರು. ಆ್ಯಪ್ ಇರಲಿ ಎಂದಾಯಿತು, ಅತ್ತಿಗೆಯ ಕೆಲಸ ಉಳಿಯಿತು.

ಮರಳುವ ಬಸ್ಸಿನಲ್ಲಿ ಅತ್ತಿಗೆ ಫೋನ್ ಹೊರತೆಗೆದರು. ಇನ್ನು ರಾಯಚೂರು ಮುಟ್ಟುವ ತನಕ ಲಾಗ್ ಪಾರಾಯಣವೇ ಗತಿ ಎಂದು ನಾನು ಕಿಟಕಿಗೆ ತಲೆ ಆನಿಸಿದೆ. ಅವರು ಮಾನ್ವಿಯ ತವರುಮನೆಗೆ ಫೋನ್ ಹಚ್ಚಿದರು. ಈ ಹೊತ್ತಿನಲ್ಲಿ ಮಗಳ ಫೋನ್ ಬಂದದ್ದಕ್ಕೆ ಅವರವ್ವ ಗಾಬರಿಯಾಗಿ, ಏನಾಯಿತು ಏನಾಯಿತು ಎಂದು ಕೇಳುತ್ತಿದ್ದುದು ನನಗೂ ಕೇಳಿಸಿತು.

“ಏನಿಲ್ಲವ್ವಾ, ಸುಮ್ನ ಮಾಡೀನಿ” ಎಂದರು ಅತ್ತಿಗೆ.

ನಾನು ಅವರ ಇನ್ನೊಂದು ಕೈ ಹಿಡಿದುಕೊಂಡು ಕೂತೆ.