ಶನಿವಾರದ ಪಪ್ಪಾಯಿ

ನಾನು ಓದು ನಿಲ್ಲಿಸಿದ್ದು ೧೯೮೯ರಲ್ಲಿ, ಒಂಬತ್ತನೆಯ ಕ್ಲಾಸಿನ ದಸರಾ ರಜೆ ಮುಗಿದ ಮೇಲೆ. ನಿಲ್ಲಿಸಿದ್ದು ನಾನೇ, ಶಾಲೆಯವರಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ, ಯಾಕೆಂದರೆ ನನ್ನ ಹೆಂಡತಿಯ ಅಣ್ಣ ಇದನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ. ಓದದವನಿಗೂ ಒಂದು ಅನುಕೂಲವಿದೆ. ಗೊತ್ತಿಲ್ಲದ್ದನ್ನು ಯಾರ ಹತ್ತಿರವೂ ಕೇಳಲು ಹೋಗದೆ ನೋಡಿ, ಮುಟ್ಟಿ, ಮೂಸಿ ಕಲಿತುಬಿಡುತ್ತಾನೆ. ನಾನು ಎ.ಸಿ. ರಿಪೇರಿ ಕಲಿತದ್ದು ಹಾಗೆ. ದುಬೈಗೆ ಬಂದ ಹೊಸದರಲ್ಲಿ ಮುಹೈಸ್ನಾದ ಕ್ಯಾಂಪಿನಲ್ಲಿ ಎಂಟು ಜನರ ರೂಮಿನ ಮೇಲಿನ ಮಂಚದಲ್ಲಿ ಮಲಗುತ್ತಿದ್ದವನು ಇವತ್ತು ನೈಫ್‌ನಲ್ಲಿ ತನ್ನದೇ ಬೋರ್ಡು ಹಾಕಿಕೊಂಡು ಕುಳಿತಿದ್ದರೆ ಅದಕ್ಕೆ ಕಾರಣ ಈ ಕೈ ಮತ್ತು ಈ ಮೂಗು. ಕೈ ಎಲ್ಲರಿಗೂ ಇರುತ್ತದೆ, ಮೂಗಿನ ಮಾತು ಬೇರೆ. ಕಂಪ್ರೆಸರಿನ ವೈಂಡಿಂಗ್ ಸುಡುವ ಎರಡು ದಿನ ಮೊದಲೇ ನನಗೆ ವಾಸನೆ ಸಿಗುತ್ತದೆ. ಡಕ್ಟಿನೊಳಗೆ ಸತ್ತದ್ದು ಇಲಿಯೋ ಪಾರಿವಾಳವೋ ಎಂದು ಏಣಿ ಹತ್ತುವ ಮೊದಲೇ ಹೇಳಬಲ್ಲೆ. ನಮ್ಮ ಹುಡುಗರು ಇದನ್ನು ಗಿರಾಕಿಗಳ ಮುಂದೆ ಹೊಗಳುತ್ತಾರೆ, ನಾನು ತಡೆಯುವುದಿಲ್ಲ. ಇಂಥ ಮೂಗನ್ನು ಇಟ್ಟುಕೊಂಡು ಹತ್ತು ವರ್ಷ ನಾನು ಎಲ್ಲಿ ಎಡವಿದೆ ಎಂದು ಈಗ ಹೇಳಬೇಕಾಗಿದೆ.

ಹತ್ತು ವರ್ಷದ ಹಿಂದೆ ಅಂಗಡಿಯ ಲೈಸೆನ್ಸು ಒಂದು ಕಾಗದಕ್ಕಾಗಿ ಮೂರು ತಿಂಗಳು ಸಿಕ್ಕಿಬಿದ್ದಿತ್ತು. ನಾನು ದಿನಾ ಆಫೀಸಿನಿಂದ ಆಫೀಸಿಗೆ ಅಲೆಯುತ್ತಿದ್ದೆ. ನನ್ನ ಹೆಂಡತಿ ಸುಮತಿ ಮನೆಯಲ್ಲೇ ಕುಳಿತು ಊರಿನ ವೆಂಕಟರಮಣ ದೇವರಿಗೆ ಹರಕೆ ಹೇಳಿಕೊಂಡಳು. ಲೈಸೆನ್ಸು ಸಿಕ್ಕಿದರೆ ಹತ್ತು ವರ್ಷ ಶನಿವಾರದಂದು ಮೀನು ಮುಟ್ಟುವುದಿಲ್ಲ ಎಂದು. ಅವಳು ಮುಟ್ಟುವುದಿಲ್ಲ ಎಂದಲ್ಲ, ನಾನು ಮುಟ್ಟುವುದಿಲ್ಲ ಎಂದು. ನಮ್ಮ ಕಡೆ ಹೆಂಡತಿಯರಿಗೆ ಈ ಅಧಿಕಾರ ಇದೆ; ಗಂಡನ ಸಹಿ ಬೇಕಾಗಿಲ್ಲ. ಮುಂದಿನ ವಾರ ಲೈಸೆನ್ಸು ಬಂತು. ಅದು ನನ್ನ ಅಲೆದಾಟದಿಂದ ಬಂದದ್ದು ಎಂದು ನನಗೆ ಗೊತ್ತಿತ್ತು, ಆದರೂ ಕಾಪು ಕಡಲಿನ ಗಾಳಿ ಕುಡಿದು ಬೆಳೆದ ನಾನು ಶನಿವಾರ ಬಂಗುಡೆ ಬಿಟ್ಟೆ. ಮಾತು ಅಂದರೆ ಮಾತು. ಮಗಳಿಗೋಸ್ಕರ ಆಗ ಸುಮತಿ ಶನಿವಾರವೂ ಮೀನು ಹುರಿಯುತ್ತಿದ್ದಳು. ಆ ಪರಿಮಳದ ಎದುರು ತೊಂಡೆಕಾಯಿ ಪಲ್ಯ ತಿನ್ನುವುದು ಮನುಷ್ಯಮಾತ್ರರಿಂದ ಸಾಧ್ಯವಿಲ್ಲದ್ದರಿಂದ ಶನಿವಾರದ ಊಟ ಹೊರಗೆ ಎಂದು ತೀರ್ಮಾನಿಸಿದೆ.

ದುಬೈಯಲ್ಲಿ ಉಡುಪಿ ಹೋಟೆಲುಗಳಿಗೆ ಬರವಿಲ್ಲ. ಆದರೆ ಅಲ್ಲಿ ಊರಿನವರೇ ಕುಳಿತಿರುತ್ತಾರೆ, ಸಾಂಬಾರು ಬಡಿಸುವ ಮೊದಲೇ ತಮ್ಮ ಅಕ್ಕನ ಮಗನಿಗೊಂದು ವೀಸಾ ಆದೀತಾ ಎಂದು ಕೇಳುತ್ತಾರೆ. ಅದೂ ಅಲ್ಲದೆ, ಬರೀ ತರಕಾರಿ ಊಟದ ಬಾಳೆಲೆಯ ಮುಂದೆ ಕುಳಿತಾಗ ನನಗೆ ಆಸ್ಪತ್ರೆಯಿಂದ ಈಗಷ್ಟೇ ಬಿಟ್ಟು ಕಳಿಸಿದಂತೆ ಆಗುತ್ತದೆ. ಅದೇ ಸಮಯಕ್ಕೆ ನಮ್ಮ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಒಂದು ಥಾಯ್ ಹೋಟೆಲಿನ ಎ.ಸಿ. ಕೆಟ್ಟಿತು. ಆರು ಮೇಜಿನ ಹೋಟೆಲು. ಬಡಿಸುವುದು, ಬಿಲ್ಲು ಹಾಕುವುದು, ಒರಳಿನಲ್ಲಿ ಕುಟ್ಟುವುದು ಎಲ್ಲ ಮಾಲಿ ಎಂಬ ಹೆಂಗಸು. ಕೆಲಸ ಮುಗಿದ ಮೇಲೆ ಊಟ ಮಾಡಿ ಹೋಗಲು ಹೇಳಿದಳು. ಶನಿವಾರವಾದ್ದರಿಂದ ಫಿಶ್ ಮಾಫಿ, ಚಿಕನ್ ಮಾಫಿ, ಎರಡೂ ಬೇಡ ಎಂದು ಕೈಯಾಡಿಸಿ ತಿಳಿಸಿದೆ. ಅವಳು ಕಾಯಿ ಪಪ್ಪಾಯಿಯನ್ನು ಎಳೆ ಎಳೆಯಾಗಿ ಹೆರೆದು, ಹಸಿಮೆಣಸು, ಬೆಳ್ಳುಳ್ಳಿ, ಬೆಲ್ಲ, ಲಿಂಬೆಹುಳಿ ಹಾಕಿ ಕುಟ್ಟಿ, ಮೇಲೆ ನೆಲಗಡಲೆ ಉದುರಿಸಿ ತಂದಿಟ್ಟಳು. ಜತೆಗೆ ತೆಂಗಿನ ಹಾಲಿನ ಒಂದು ಹಸಿರು ಗಸಿ.

ಮೊದಲ ತುತ್ತಿಗೇ ನನಗೆ ತೀರಿಹೋದ ಅಮ್ಮನ ನೆನಪಾಯಿತು. ಯಾಕೆ ಎಂದು ಹೇಳಲಾಗಲಿಲ್ಲ. ಬ್ಯಾಂಕಾಕಿಗೂ ನಮ್ಮ ಅಮ್ಮನಿಗೂ ಸಂಬಂಧವಿಲ್ಲ, ಅಮ್ಮ ಮಂಗಳೂರಿಗೇ ನಾಲ್ಕೇ ಸಲ ಹೋದವಳು. ಆದರೆ ನಾಲಿಗೆಯ ಹಿಂಬದಿಯಲ್ಲಿ, ಉಪ್ಪಿಗಿಂತ ಸ್ವಲ್ಪ ಆಚೆ, ನಮ್ಮ ಅಡುಗೆಮನೆ ಇತ್ತು. ತರಕಾರಿಯಲ್ಲಿ ಇಂಥ ರುಚಿ ತೆಗೆಯುವವರು ದೊಡ್ಡ ಜನ ಎಂದುಕೊಂಡೆ. ಅಲ್ಲಿಂದ ಪ್ರತಿ ಶನಿವಾರ ಅದೇ ಮೂಲೆಯ ಮೇಜು. ಗಸಿ ಇಬ್ಬರಿಗಾಗುವಷ್ಟು ಇರುತ್ತಿತ್ತು, ಪ್ಲಾಸ್ಟಿಕ್ಕಿನಲ್ಲಿ ಬಿಸಿ ಪದಾರ್ಥ ನನಗೆ ಆಗದು, ಹಾಗಾಗಿ ಮನೆಯಿಂದಲೇ ಸ್ಟೀಲಿನ ಡಬ್ಬ ಒಯ್ದು ಉಳಿದದ್ದನ್ನು ತುಂಬಿಸಿ ತರುತ್ತಿದ್ದೆ. ಸುಮತಿ ಮೊದಲ ವಾರ ಮುಚ್ಚಳ ತೆಗೆದು ನೋಡಿ, ತನಗೆ ಬೇಡ ಎಂದಳು. ಆಮೇಲೆ ಯಾವತ್ತೂ ಮುಟ್ಟಲಿಲ್ಲ. ಅದೇ ದಿನಗಳಲ್ಲಿ ಅವಳು ಶನಿವಾರ ಒಪ್ಪತ್ತು ಮಾಡಲೂ ಶುರುಮಾಡಿದಳು. ಮಧ್ಯಾಹ್ನ ಒಂದು ಹೊತ್ತು ಗಂಜಿ, ಚಟ್ನಿ, ಅಷ್ಟೆ. ತೂಕ ಇಳಿಸುವ ಉಪಾಯ ಇರಬೇಕು ಎಂದು ನಾನು ತಿಳಿದುಕೊಂಡೆ. ಇಳಿಯಲಿಲ್ಲ ಎನ್ನುವುದನ್ನು ಒಂದೆರಡು ಸಲ ಹೇಳಿಯೂ ಇದ್ದೇನೆ.

ಕ್ರಮೇಣ ಥಾಯ್ ಊಟದ ವಿಷಯದಲ್ಲಿ ನಾನು ಬಲ್ಲವನಾದೆ. ಅವರದು ಮೂಲತಃ ಸಾತ್ವಿಕ ಆಹಾರ ಎಂದು ಅಂಗಡಿಯ ಹುಡುಗರಿಗೆ ವಿವರಿಸಿದ್ದೇನೆ. ವರ್ಷಕ್ಕೆರಡು ಸಲ ಮಾಲಿಯ ಅಡುಗೆಮನೆಯ ಎಕ್ಸಾಸ್ಟ್ ನಾನೇ ಕೈಯಾರೆ ತೊಳೆಯುತ್ತಿದ್ದೆ. ಒಲೆಯ ಪಕ್ಕ ಕಂದು ನೀರಿನ ಉದ್ದ ಬಾಟಲಿಗಳು ಸಾಲಾಗಿರುತ್ತಿದ್ದವು. ಹುಣಸೆಯ ನೀರು ಎಂದು ನೋಡಿದ ಕೂಡಲೇ ಗುರುತಿಸಿದೆ. ಅದರ ಮೇಲೆ ಮೀನಿನ ಚಿತ್ರವೂ ಇತ್ತು. ಬೆಂಕಿಪೊಟ್ಟಣದ ಮೇಲೆ ಕುದುರೆಯ ಚಿತ್ರ ಇದ್ದರೆ ಒಳಗೆ ಕುದುರೆ ಇರುತ್ತದೆಯೇ?

ಈ ವರ್ಷ ಹರಕೆಗೆ ಹತ್ತು ತುಂಬಿತು. ಒಪ್ಪಿಸಿ ಬರಲು ಊರಿಗೆ ಟಿಕೆಟ್ಟೂ ಆಯಿತು. ನಮ್ಮಲ್ಲಿ ಹರಕೆ ಒಪ್ಪಿಸುವುದೆಂದರೆ ಕಾಣಿಕೆ ಡಬ್ಬಿಗೆ ದುಡ್ಡು ಹಾಕಿ ತಿರುಗಿ ಬರುವ ಕೆಲಸವಲ್ಲ. ಭಟ್ಟರು ನಿಮ್ಮನ್ನು ದೇವರ ಎದುರು ನಿಲ್ಲಿಸಿ, ನೆರೆದವರಿಗೆಲ್ಲ ಕೇಳುವಂತೆ, ಇಂಥವನು ಪರದೇಶದಲ್ಲಿದ್ದೂ ಇಷ್ಟು ವರ್ಷ ಇಂಥದ್ದನ್ನು ತಪ್ಪದೆ ನಡೆಸಿಕೊಂಡು ಬಂದಿದ್ದಾನೆ, ಒಪ್ಪಿಸಿಕೊಳ್ಳಬೇಕು ಸ್ವಾಮಿ ಎಂದು ದೊಡ್ಡ ಸ್ವರದಲ್ಲಿ ಪ್ರಾರ್ಥನೆ ಮಾಡುತ್ತಾರೆ. ಆ ‘ತಪ್ಪದೆ’ ಎನ್ನುವ ಶಬ್ದಕ್ಕಾಗಿ ನಾನು ಕಾದಿದ್ದೆ. ಯಾವ ಪರೀಕ್ಷೆಯ ಪಟ್ಟಿಯಲ್ಲೂ ಬರದ ನನ್ನ ಹೆಸರು ಅಷ್ಟು ಜನರ ಮುಂದೆ ಒಂದು ಸಲ ಬರುವುದಿತ್ತು.

ಹೊರಡಲು ಐದು ವಾರ ಇರುವಾಗ ರುವೈಸ್‌ನಿಂದ ಸದಾನಂದ ಭಾವ ಬಂದರು. ಸುಮತಿಯ ಅಣ್ಣ, ರಿಫೈನರಿಯಲ್ಲಿ ಇಂಜಿನಿಯರು. ಅವರು ನನ್ನನ್ನು ಭಾವ ಎನ್ನುತ್ತಾರೆ, ನಾನೂ ಅವರನ್ನು ಭಾವ ಎನ್ನುತ್ತೇನೆ. ಹಾಗಾಗಿ ಯಾರು ಮೇಲು ಎಂಬುದು ಇಪ್ಪತ್ತೆರಡು ವರ್ಷದಿಂದ ಇತ್ಯರ್ಥವಾಗಿಲ್ಲ. ಬಿಸ್ಕಿಟಿನ ಪ್ಯಾಕೆಟ್ಟನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಪೂರ್ತಿ ಓದಿದ ಮೇಲೆಯೇ ಒಡೆಯುವ ಮನುಷ್ಯ. ಅವರದ್ದೂ ಶನಿವಾರ ಸಸ್ಯಾಹಾರ. ಓದಿದವರಿಗೂ ಗೊತ್ತಿಲ್ಲದ ಒಂದು ಸಂಗತಿ ತೋರಿಸೋಣ ಎಂದು ಮಾಲಿಯ ಹೋಟೆಲಿಗೆ ಕರೆದುಕೊಂಡು ಹೋದೆ. ಭಾವ ಒಂದು ತಟ್ಟೆ ಪಪ್ಪಾಯಿ ಮುಗಿಸಿದರು. ಎರಡನೆಯದನ್ನು ಅರ್ಧ ಮುಗಿಸಿ, ಕಣ್ಣು ಮುಚ್ಚಿ, ಇದರಲ್ಲಿ ಅಜ್ಜಿಮನೆಯದೊಂದು ರುಚಿ ಉಂಟಲ್ಲ ಭಾವ, ಎಂತ ಅದು ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಬೆಲ್ಲ ಮತ್ತು ಹುಣಸೆಯ ಹದ ಎಂದು ತಿಳಿಸಿದೆ. ಭಾವನಿಗೆ ಸಮಾಧಾನವಾಗಲಿಲ್ಲ. ರುವೈಸ್‌ನಲ್ಲಿ ಮನೆಯಲ್ಲೇ ಮಾಡಿಸಬಹುದು ಎಂದು ಕಿಸೆಯಿಂದ ಪೆನ್ನು ತೆಗೆದು, ಮಾಲಿಯನ್ನು ಕರೆದು, ಏನೇನು ಹಾಕುತ್ತೀ ಒಂದೊಂದಾಗಿ ಹೇಳು ಎಂದರು.

ಅವಳು ಬೆರಳು ಮಡಚುತ್ತಾ ಹೇಳಿದಳು. ಐದನೆಯ ಬೆರಳಿಗೆ ಭಾವನ ಪೆನ್ನು ನಿಂತಿತು. ಫಿಶ್ ಎಂದೆಯಲ್ಲ, ಇವರು ಫಿಶ್ ಬೇಡ ಎನ್ನುವುದಿಲ್ಲವೇ ಎಂದು ವಿಚಾರಿಸಿದರು. ಮಾಲಿಗೆ ಸ್ವಲ್ಪ ಬೇಸರವೇ ಆಯಿತು.

“ಬಾಸ್ ಸೇ ನೋ ಫಿಶ್, ಐ ನೋ ಪುಟ್ ಫಿಶ್. ಡ್ರೈ ಶ್ರಿಂಪ್ ಆಲ್ಸೋ ನೋ ಪುಟ್. ಓನ್ಲಿ ಫಿಶ್ ಸಾಸ್.”

ಹತ್ತು ವರ್ಷದಿಂದ ಬಾಸಿನ ತಟ್ಟೆಗೆ ಒಣ ಸಿಗಡಿ ಬೀಳದಂತೆ ತಾನು ಎಷ್ಟು ಜಾಗ್ರತೆ ವಹಿಸಿದ್ದೇನೆ ಎನ್ನುವುದನ್ನೂ ಹೇಳಿದಳು. ಒಳಗಿನಿಂದ ಬಾಟಲಿ ತಂದಿಟ್ಟಳು. ಭಾವ ಅದನ್ನು ತಿರುಗಿಸಿ ಸಣ್ಣ ಅಕ್ಷರ ಓದಿದರು. ನಾನು ಮುಚ್ಚಳ ತೆಗೆದು ಮೂಸಿದೆ. ಅಮ್ಮನ ನೆನಪು ಯಾಕಾಗುತ್ತಿತ್ತು ಎಂದು ಆಗ ತಿಳಿಯಿತು. ಎಟ್ಟಿ ಚಟ್ನಿ, ಅಂದರೆ ಒಣ ಸಿಗಡಿಯ ಚಟ್ನಿ, ಅರೆದ ಕಲ್ಲಿನ ವಾಸನೆ.

ಭಾವ ನಗುತ್ತಾರೆ ಎಂದು ಕಾದೆ. ಅವರು ತಮ್ಮ ತಟ್ಟೆಯನ್ನು ನೋಡುತ್ತಿದ್ದರು. ಒಂದೂವರೆ ತಟ್ಟೆ ಒಳಗೆ ಹೋಗಿತ್ತು.

“ತಂಗಿಗೆ ಹೇಳ್ಲಿಕ್ಕೆ ಹೋಗ್ಬೇಡಿ ಭಾವ,” ಎಂದರು ಮೆಲ್ಲಗೆ. “ನನ್ನದು ಅಂತೂ ಹೇಳಲೇಬೇಡಿ.”

ಆಮೇಲೆ ಸ್ವಲ್ಪ ಯೋಚಿಸಿ, ತಪ್ಪು ಹೇಗೂ ಆಗಿಹೋಗಿದೆ, ಪ್ರಮಾಣ ಹೆಚ್ಚಾದ ಮಾತ್ರಕ್ಕೆ ತಪ್ಪು ಹೆಚ್ಚಾಗುವುದಿಲ್ಲ ಎಂದು ಉಳಿದ ಅರ್ಧ ತಟ್ಟೆಯನ್ನೂ ಮುಗಿಸಿದರು. ಓದಿದವರಿಗೆ ಇಂಥ ದಾರಿಗಳು ಬೇಗ ಕಾಣುತ್ತವೆ. ನನಗೆ ಕಂಡದ್ದು ಭಟ್ಟರ ಬಾಯಿ ಮಾತ್ರ. ಅವರು ದೊಡ್ಡ ಸ್ವರದಲ್ಲಿ ‘ತಪ್ಪದೆ’ ಎನ್ನುವಾಗ ಕೈ ಮುಗಿದು ನಿಂತಿರಬೇಕಾದವನು ನಾನು. ಗಿರಾಕಿಗೆ ಹಳೆಯ ಪಾರ್ಟು ಹಾಕಿ ಹೊಸದು ಎಂದು ಹೇಳಿ ಗೊತ್ತಿಲ್ಲದವನು, ದೇವರಿಗೆ ಹೇಗೆ ಹೇಳಲಿ? ಟಿಕೆಟ್ಟು ಕ್ಯಾನ್ಸಲ್ ಮಾಡಿ ಇನ್ನೂ ಹತ್ತು ವರ್ಷ ಮೊದಲಿನಿಂದ ನಡೆಸುವುದು ಎಂದು ತೀರ್ಮಾನಿಸಿದೆ. ಆದರೆ ಕ್ಯಾನ್ಸಲ್ ಮಾಡಲಿಕ್ಕೂ ಸುಮತಿಗೆ ಕಾರಣ ಹೇಳಬೇಕಿತ್ತು.

ಭಾವ ರುವೈಸಿಗೆ ಹೊರಟ ಮೇಲೆ, ಭಾನುವಾರ ಬೆಳಿಗ್ಗೆ, ಅವಳು ಸಿಂಕಿನ ಮುಂದೆ ನಿಂತಿದ್ದಾಗ ಎಲ್ಲವನ್ನೂ ಹೇಳಿದೆ. ಭಾವನ ಒಂದೂವರೆ ತಟ್ಟೆಯನ್ನು ಮಾತ್ರ ಬಿಟ್ಟೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

“ಆ ಡಬ್ಬ ತೊಳೆಯುವುದು ಯಾರು, ನಾನಲ್ವಾ?” ಎಂದಳು. “ಮೊದಲನೇ ವಾರವೇ ಗೊತ್ತಾಗಿದೆ ನನಗೆ. ಎರಡು ಸಲ ಸೋಪು ಹಾಕಿದರೂ ಹೋಗುವುದಿಲ್ಲ ಅದು.”

ಹಾಗಾದರೆ ಹೇಳಬಾರದಿತ್ತೇ ಎಂದೆ.

“ಮೂಗು ಮೂಗು ಅಂತ ಊರಿಡೀ ಹೇಳಿಕೊಂಡು ತಿರುಗ್ತೀರಿ ಮಾರಾಯ್ರೆ. ಗೊತ್ತಿದ್ದೇ ತಿಂತೀರಿ ಅಂತ ನಾನು ತಿಳ್ಕೊಂಡದ್ದು. ದುಡಿಯುವವರು, ವಾರಕ್ಕೊಂದು ದಿನ ಬಾಯಿರುಚಿಗೆ ತಿನ್ನಲಿ ಅಂತ ಸುಮ್ಮನಾದೆ.”

ಸುಮ್ಮನಾಗಿ ಅವಳು ಮಾಡಿದ್ದು ಇಷ್ಟು. ಆಗಲೇ ಊರಿನ ಭಟ್ಟರಿಗೆ ಫೋನು ಮಾಡಿ, ಗಂಡನ ಹೆಸರಿನ ಹರಕೆಯನ್ನು ಹೆಂಡತಿ ನಡೆಸಿದರೆ ಆದೀತೇ ಎಂದು ಕೇಳಿದ್ದಳು. ಹೇಳಿಕೊಂಡವರೇ ನಡೆಸಿದರೆ ಇನ್ನೂ ಒಳ್ಳೆಯದು ಎಂದು ಅವರು ಹೇಳಿದ್ದರು. ಅಲ್ಲಿಂದ ಹತ್ತು ವರ್ಷ, ವಾರಕ್ಕೊಂದು ದಿನ, ಒಂದು ಹೊತ್ತು ಗಂಜಿ. ಟಿಕೆಟ್ಟು ಕ್ಯಾನ್ಸಲ್ ಮಾಡುವ ಪ್ರಶ್ನೆಯೇ ಇಲ್ಲವಂತೆ. ಭಟ್ಟರು ಪ್ರಾರ್ಥನೆ ಮಾಡುವಾಗ ನಾನು ಪಕ್ಕದಲ್ಲಿ ಕೈ ಮುಗಿದು ನಿಂತರೆ ಸಾಕಂತೆ. ಆಮೇಲೆ ಡಬ್ಬವನ್ನು ಕವುಚಿ ಹಾಕುತ್ತಾ, ಅಣ್ಣ ಎಷ್ಟು ತಟ್ಟೆ ತಿಂದ ಎಂದು ಕೇಳಿದಳು.

ನಾಳೆ ಹೊರಡುತ್ತೇವೆ. ಈಗಲೂ ಶನಿವಾರ ಮಾಲಿಯ ಹೋಟೆಲಿಗೇ ಹೋಗುತ್ತೇನೆ. ಬಾಟಲಿ ಬೇಡ, ಬರೀ ಉಪ್ಪು ಎನ್ನುತ್ತೇನೆ, ಗಸಿಯೂ ಬೇಡ ಎನ್ನುತ್ತೇನೆ. ಅವಳು ಮರುಕದಿಂದ ನೋಡಿ ಕುಟ್ಟಿಕೊಡುತ್ತಾಳೆ. ಆಸ್ಪತ್ರೆಯಿಂದ ಬಿಟ್ಟು ಕಳಿಸಿದಂತೆ ಆಗುತ್ತದೆ, ತಿನ್ನುತ್ತೇನೆ. ಸಂಪಾದಿಸಿದ್ದೆಲ್ಲ ನನ್ನದೇ ಎಂದು ಇಷ್ಟು ಕಾಲ ಹೇಳಿಕೊಂಡು ಬಂದವನು ಒಮ್ಮೆ ಸರಿಯಾಗಿ ಎಣಿಸಿ ನೋಡಿದೆ. ಓದು, ಎಂಟೂವರೆ ಕ್ಲಾಸು. ಅಂಗಡಿ ಒಂದು. ವ್ಯಾನು ಮೂರು. ಕೆಲಸದವರು ಹನ್ನೊಂದು ಜನ. ಮಗಳು ಒಬ್ಬಳು, ಹೆಂಡತಿ ಒಬ್ಬಳು. ಸ್ಟೀಲಿನ ಡಬ್ಬ ಒಂದು, ತೊಳೆದದ್ದು. ತಪ್ಪದೆ ನಡೆಸಿದ ಶನಿವಾರ, ನನ್ನ ಸ್ವಂತದ್ದು, ನಾಲ್ಕು.